ಮುರಿದ ಒಪ್ಪಂದಗಳ ದ್ವೀಪ: ಶ್ರೀಲಂಕಾದ ಧ್ರುವೀಕರಣ, ಯುದ್ಧ ಮತ್ತು ಶಾಂತಿಯ ಹುಡುಕಾಟ

2009ರ ಮೇ 18ರಂದು ಶ್ರೀಲಂಕಾದ ಮುಲ್ಲೈತೀವು ಜಿಲ್ಲೆಯ ಮುಳ್ಳಿವಾಯ್ಕಾಲ್‌ನಲ್ಲಿ, ನಂದಿಕಡಲ್ ಹಿನ್ನೀರಿಗೂ ಸಮುದ್ರಕ್ಕೂ ನಡುವಿನ ಮರಳುಪಟ್ಟಿಯಲ್ಲಿ, ಇಪ್ಪತ್ತಾರು ವರ್ಷಗಳ ಯುದ್ಧ ಮುಗಿಯಿತು. ವಿಶ್ವಸಂಸ್ಥೆಯ ಅಂದಾಜಿನಂತೆ ಆ ಯುದ್ಧದಲ್ಲಿ ಸತ್ತವರು ಎಂಬತ್ತು ಸಾವಿರದಿಂದ ಒಂದು ಲಕ್ಷ ಜನ. ಪ್ರತ್ಯೇಕ ತಮಿಳು ರಾಷ್ಟ್ರಕ್ಕಾಗಿ ಹೋರಾಡಿದ ಎಲ್‌ಟಿಟಿಇ ನಿರ್ನಾಮವಾಯಿತು, ಅದರ ನಾಯಕ ಪ್ರಭಾಕರನ್ ಹತನಾದ, ಕೊಲಂಬೊದ ಬೀದಿಗಳಲ್ಲಿ ವಿಜಯೋತ್ಸವ ನಡೆಯಿತು. ಆದರೆ ಯುದ್ಧಕ್ಕೆ ಕಾರಣವಾದ ಪ್ರಶ್ನೆಗೆ ಅಂದು ಉತ್ತರ ಸಿಗಲಿಲ್ಲ. ಒಂದೇ ರಾಜ್ಯದೊಳಗೆ ಸಿಂಹಳೀಯರು, ತಮಿಳರು ಮತ್ತು ಮುಸ್ಲಿಮರು ಅಧಿಕಾರವನ್ನು ಹೇಗೆ ಹಂಚಿಕೊಳ್ಳಬೇಕು ಎಂಬುದು ಇಂದಿಗೂ ತೀರ್ಮಾನವಾಗಿಲ್ಲ.

ಈ ಯುದ್ಧ ವಿದ್ವಾಂಸರನ್ನು ಇಷ್ಟೊಂದು ಕಾಡಲು ಕಾರಣವಿದೆ. ಏಷ್ಯಾದಲ್ಲೇ ಮೊದಲು, 1931ರಲ್ಲೇ, ಎಲ್ಲ ವಯಸ್ಕರಿಗೂ ಮತದಾನದ ಹಕ್ಕು ಪಡೆದ ನಾಡು ಅದು. ಶಿಕ್ಷಣದಲ್ಲಿ, ಆರೋಗ್ಯದಲ್ಲಿ ನೆರೆಯವರಿಗಿಂತ ಮುಂದಿತ್ತು. 1948ರಲ್ಲಿ ರಕ್ತ ಹರಿಸದೆ ಸ್ವತಂತ್ರವಾಯಿತು. ಅಂಥ ದೇಶ ಹೀಗೇಕಾಯಿತು?

ಕರ್ನಾಟಕಕ್ಕೂ ಈ ಕಥೆಯ ಎಳೆಗಳು ತಾಗಿವೆ. 1964ರ ಸಿರಿಮಾವೊ–ಶಾಸ್ತ್ರಿ ಒಪ್ಪಂದದಡಿ ಭಾರತಕ್ಕೆ ಮರಳಿ ಬಂದ ಚಹಾತೋಟದ ತಮಿಳು ಕುಟುಂಬಗಳಲ್ಲಿ ಹಲವು ಸುಳ್ಯ, ಪುತ್ತೂರು ಭಾಗದ ಸರ್ಕಾರಿ ರಬ್ಬರ್ ತೋಟಗಳಲ್ಲಿ ನೆಲೆಸಿದವು. ರಾಜೀವ್ ಗಾಂಧಿ ಹತ್ಯೆಯ ರೂವಾರಿ ಶಿವರಾಸನ್ ಮತ್ತು ಸಂಗಡಿಗರು 1991ರ ಆಗಸ್ಟ್‌ನಲ್ಲಿ ಸತ್ತದ್ದು ಬೆಂಗಳೂರಿನ ಅಂಚಿನ ಕೋಣನಕುಂಟೆಯಲ್ಲಿ.

ಯುದ್ಧದ ಕಾರಣದ ಬಗ್ಗೆ ಹಲವು ವಿವರಣೆಗಳಿವೆ. ಪ್ರತಿಯೊಂದೂ ಸತ್ಯದ ಒಂದು ಭಾಗವನ್ನು ಹಿಡಿದಿದೆ. ಎಲ್ಲವನ್ನೂ ಒಟ್ಟಿಗಿಟ್ಟು ನೋಡಿದಾಗ ಒಂದು ಸಂಗತಿ ಮತ್ತೆ ಮತ್ತೆ ಎದುರಾಗುತ್ತದೆ: ಶಾಂತಿಯ ಒಪ್ಪಂದಗಳನ್ನು ಹೆಚ್ಚಾಗಿ ಮುರಿದವರು ಸಹಿ ಹಾಕಿದವರ ಸ್ವಂತ ಪಾಳಯದವರು.

ಮತಪೆಟ್ಟಿಗೆಯಿಂದ ಬಂದೂಕಿನವರೆಗೆ

1981ರ ಜನಗಣತಿಯ ಪ್ರಕಾರ ಜನಸಂಖ್ಯೆಯಲ್ಲಿ ಸಿಂಹಳೀಯರು ಶೇ 74, ಶ್ರೀಲಂಕಾ ತಮಿಳರು ಸುಮಾರು ಶೇ 12.7, ಮುಸ್ಲಿಮರು ಶೇ 7, ತೋಟದ ತಮಿಳರು ಶೇ 5.5. ಈ ಅನುಪಾತದಲ್ಲಿ ಬಹುಮತದ ಆಳ್ವಿಕೆ ಯಾರ ಕೈಗೆ ಹೋಗುತ್ತದೆ ಎಂಬುದು ಮೊದಲೇ ಖಚಿತ. ಸ್ವತಂತ್ರ ಸಿಲೋನಿನ (ಶ್ರೀಲಂಕಾದ ಆಗಿನ ಹೆಸರು) ಸಂವಿಧಾನದ 29ನೇ ವಿಧಿ ಅಲ್ಪಸಂಖ್ಯಾತರ ವಿರುದ್ಧ ತಾರತಮ್ಯದ ಕಾನೂನು ಮಾಡಬಾರದೆಂದು ಹೇಳುತ್ತಿತ್ತು. ಆದರೂ 1948ರ ಪೌರತ್ವ ಕಾಯಿದೆ ಲಕ್ಷಾಂತರ ತೋಟ ಕಾರ್ಮಿಕರನ್ನು ಯಾವ ದೇಶಕ್ಕೂ ಸೇರದವರನ್ನಾಗಿ ಮಾಡಿತು. ತಮಿಳರೇ ಹೆಚ್ಚಿರುವ ಉತ್ತರದ ಜಾಫ್ನಾದ ನಾಯಕ ಜಿ.ಜಿ. ಪೊನ್ನಂಬಲಂ ಸರ್ಕಾರದ ಜೊತೆಗೇ ಉಳಿದರು. ಎಸ್.ಜೆ.ವಿ. ಚೆಲ್ವನಾಯಕಂ ಪೊನ್ನಂಬಲಂ ಪಕ್ಷದಿಂದ ಹೊರನಡೆದು 1949ರಲ್ಲಿ ಒಕ್ಕೂಟ ವ್ಯವಸ್ಥೆಗಾಗಿ ಹೊಸ ಪಕ್ಷ ಕಟ್ಟಿದರು.

1956 ನಿರ್ಣಾಯಕ ವರ್ಷ. ಬುದ್ಧ ಜಯಂತಿಯ 2,500ನೇ ವರ್ಷದ ಉತ್ಸಾಹ ಹರಡಿತ್ತು. ಆಕ್ಸ್‌ಫರ್ಡ್‌ನಲ್ಲಿ ಓದಿದ, ಆಂಗ್ಲಿಕನ್ ಮನೆತನದಿಂದ ಬೌದ್ಧ ಧರ್ಮಕ್ಕೆ ಬಂದ ಎಸ್.ಡಬ್ಲ್ಯು.ಆರ್.ಡಿ. ಬಂಡಾರನಾಯಕೆ ಸಿಂಹಳವೊಂದನ್ನೇ ಆಡಳಿತ ಭಾಷೆ ಮಾಡುವ ಭರವಸೆಯ ಮೇಲೆ ಗೆದ್ದರು. ಅವರದೇ ಪಕ್ಷ ಹುಟ್ಟಿದಾಗ ಎರಡೂ ಭಾಷೆಗಳ ಪರವಾಗಿತ್ತು. ಎದುರಾಳಿ ಪಕ್ಷ ಯುಎನ್‌ಪಿ ಕೂಡ ಚುನಾವಣೆಯ ಹೊಸ್ತಿಲಲ್ಲಿ ನಿಲುವು ಬದಲಿಸಿ ಸಿಂಹಳಕ್ಕೆ ಜೋತುಬಿತ್ತು. ಕಾಯಿದೆ ಬಂತು. ಪ್ರತಿಭಟಿಸಿದ ತಮಿಳು ನಾಯಕರ ಮೇಲೆ ಹಲ್ಲೆಯಾಯಿತು, ಪೂರ್ವದ ಗಲ್ ಓಯ ನೀರಾವರಿ ಪ್ರದೇಶದಲ್ಲಿ ಹತ್ಯೆಗಳಾದವು.

ಬಂಡಾರನಾಯಕೆ ತಿದ್ದಿಕೊಳ್ಳಲು ಯತ್ನಿಸಿದರು. 1957ರ ಜುಲೈಯಲ್ಲಿ ಚೆಲ್ವನಾಯಕಂ ಜೊತೆ ಒಪ್ಪಂದ ಮಾಡಿಕೊಂಡು ಪ್ರಾದೇಶಿಕ ಮಂಡಳಿಗಳಿಗೂ ಉತ್ತರ–ಪೂರ್ವದಲ್ಲಿ ತಮಿಳು ಆಡಳಿತಕ್ಕೂ ಒಪ್ಪಿದರು. ಯುಎನ್‌ಪಿಯ ಜೆ.ಆರ್. ಜಯವರ್ಧನೆ ಅದರ ವಿರುದ್ಧ ಕ್ಯಾಂಡಿಗೆ ಪಾದಯಾತ್ರೆ ಹೊರಟರು. 1958ರ ಏಪ್ರಿಲ್‌ನಲ್ಲಿ ಭಿಕ್ಷುಗಳು ಪ್ರಧಾನಿಯ ಮನೆ ಮುಂದೆ ಕುಳಿತರು, ಒಪ್ಪಂದ ರದ್ದಾಯಿತು, ಮುಂದಿನ ತಿಂಗಳು ಗಲಭೆ ಹೊತ್ತಿತು. 1959ರಲ್ಲಿ ಬಂಡಾರನಾಯಕೆಯನ್ನು ಗುಂಡಿಕ್ಕಿ ಕೊಂದವನೂ ಒಬ್ಬ ಭಿಕ್ಷು. 1965ರಲ್ಲಿ ಯುಎನ್‌ಪಿಯ ಡಡ್ಲಿ ಸೇನಾನಾಯಕೆ ಚೆಲ್ವನಾಯಕಂ ಜೊತೆ ಮತ್ತೊಂದು ಒಪ್ಪಂದ ಮಾಡಿಕೊಂಡಾಗ ಪಾತ್ರಗಳು ಅದಲುಬದಲಾದವು. ಈಗ ವಿರೋಧ ಬಂಡಾರನಾಯಕೆಯ ಪಕ್ಷದ್ದು. ಅದೂ ಜಾರಿಯಾಗಲಿಲ್ಲ.

1972ರ ಹೊಸ ಸಂವಿಧಾನ ಬೌದ್ಧ ಧರ್ಮಕ್ಕೆ ಅಗ್ರಸ್ಥಾನ ಕೊಟ್ಟು 29ನೇ ವಿಧಿಯ ರಕ್ಷಣೆಯನ್ನು ಕೈಬಿಟ್ಟಿತು. ಅದೇ ಹೊತ್ತಿಗೆ ವಿಶ್ವವಿದ್ಯಾಲಯ ಪ್ರವೇಶದಲ್ಲಿ ತಂದ ಅಂಕ ಹೊಂದಾಣಿಕೆ ಜಾಫ್ನಾದ ಹುಡುಗ ಹುಡುಗಿಯರ ಆಸೆಗೆ ಕಲ್ಲು ಹಾಕಿತು. 1976ರಲ್ಲಿ ತಮಿಳು ನಾಯಕರ ವಡ್ಡುಕೋಟ್ಟೈ ನಿರ್ಣಯ ಈಳಂ ಎಂಬ ಪ್ರತ್ಯೇಕ ತಮಿಳು ರಾಷ್ಟ್ರ ಕೇಳಿತು. ಮರುವರ್ಷ ಅದೇ ಬೇಡಿಕೆಯ ಮೇಲೆ ಗೆದ್ದ ತಮಿಳು ಕೂಟ ಟಿಯುಎಲ್‌ಎಫ್ ಸಂಸತ್ತಿನ ಪ್ರಮುಖ ವಿರೋಧ ಪಕ್ಷವಾಯಿತು. 1979ರಲ್ಲಿ ಭಯೋತ್ಪಾದನೆ ತಡೆ ಕಾಯಿದೆ ಬಂತು. 1981ರಲ್ಲಿ ಸುಮಾರು 97,000 ಪುಸ್ತಕ, ಹಸ್ತಪ್ರತಿಗಳಿದ್ದ ಜಾಫ್ನಾ ಗ್ರಂಥಾಲಯವನ್ನು ಸುಟ್ಟರು. 1983ರ ಜುಲೈ 23ರಂದು ಎಲ್‌ಟಿಟಿಇ ಹೊಂಚುದಾಳಿಯಲ್ಲಿ 13 ಸೈನಿಕರು ಸತ್ತ ಬೆನ್ನಿಗೆ, ಕೊಲಂಬೊದಲ್ಲಿ ಗುಂಪುಗಳು ಮತದಾರರ ಪಟ್ಟಿ ಹಿಡಿದು ತಮಿಳರ ಮನೆ, ಅಂಗಡಿ ಹುಡುಕಿ ಬೆಂಕಿಯಿಟ್ಟವು. ವೆಲಿಕಡ ಜೈಲಿನಲ್ಲೇ 53 ತಮಿಳು ಕೈದಿಗಳು ಕೊಲೆಯಾದರು. ಕಪ್ಪು ಜುಲೈ ಎಂದು ಹೆಸರಾದ ಆ ವಾರದ ನಂತರ ನೂರಾರು ತಮಿಳು ಯುವಕರು ಬಂದೂಕಿನ ಕಡೆ ನಡೆದರು.

ಪುರಾತನ ಹಗೆಯ ವಾದ

ಮೊದಲ ವಿವರಣೆ ಎಲ್ಲಕ್ಕಿಂತ ಜನಪ್ರಿಯ: ಇದು ಎರಡು ಸಾವಿರ ವರ್ಷಗಳ ಜಗಳ. ಪ್ರಾಚೀನ ಚರಿತ್ರೆಗ್ರಂಥ ಮಹಾವಂಸದ ಸಿಂಹಳ ದೊರೆ ದುಟ್ಟಗಾಮಿಣಿ ತಮಿಳು ಅರಸ ಎಳಾರನನ್ನು ಗೆದ್ದ ಕಥೆಯನ್ನು ಸಿಂಹಳ ರಾಷ್ಟ್ರವಾದಿಗಳು ಇಂದಿನ ಯುದ್ಧದ ಮುನ್ನುಡಿಯಂತೆ ಓದುತ್ತಾರೆ. ತಮಿಳು ರಾಷ್ಟ್ರವಾದಿಗಳು ಜಾಫ್ನಾ ರಾಜ್ಯದ ನೆನಪನ್ನು ಮುಂದಿಡುತ್ತಾರೆ.

ಇತಿಹಾಸಕಾರರು ಇದನ್ನು ಬಲವಾಗಿ ಪ್ರಶ್ನಿಸಿದ್ದಾರೆ. ಸಿಂಹಳ ಗುರುತು ಕಾಲಕಾಲಕ್ಕೆ ಹೇಗೆ ಬದಲಾಯಿತು ಎಂಬುದನ್ನು ಆರ್.ಎ.ಎಲ್.ಎಚ್. ಗುಣವರ್ಧನ ತೋರಿಸಿದರು. ತಮಿಳರ ಮತ್ತು ಸಿಂಹಳೀಯರ ಬೇರುಗಳು ಹೆಣೆದುಕೊಂಡಿರುವುದನ್ನು ಕೆ. ಇಂದ್ರಪಾಲ ಬರೆದರು. 1815ರಲ್ಲಿ ಬ್ರಿಟಿಷರಿಗೆ ಸೋತ ಕ್ಯಾಂಡಿಯ ಕೊನೆಯ ರಾಜವಂಶ ದಕ್ಷಿಣ ಭಾರತ ಮೂಲದ ನಾಯಕರದು. ಬೌದ್ಧ ವಿಹಾರಗಳ ಪೋಷಕರೂ ಅವರೇ. ಹಗೆ ಅಷ್ಟು ಹಳೆಯದಾಗಿದ್ದರೆ ಇದು ಸಾಧ್ಯವಾಗುತ್ತಿರಲಿಲ್ಲ.

ಆದರೂ ಈ ವಾದವನ್ನು ಪೂರ್ತಿ ತಳ್ಳಿಹಾಕುವಂತಿಲ್ಲ. ಜನ ಯಾವುದಕ್ಕೆ ಹೆದರುತ್ತಾರೆ ಎಂಬುದನ್ನು ಪುರಾಣವೂ ರೂಪಿಸುತ್ತದೆ. ಪಾಕ್ ಜಲಸಂಧಿಯ ಆಚೆ ಕೋಟ್ಯಂತರ ತಮಿಳರಿರುವುದರಿಂದ ಸಿಂಹಳೀಯರು ಸ್ವಂತ ದ್ವೀಪದಲ್ಲಿ ಬಹುಸಂಖ್ಯಾತರಾಗಿದ್ದೂ ಅಲ್ಪಸಂಖ್ಯಾತರ ಅಂಜಿಕೆಯಲ್ಲಿ ಬದುಕುತ್ತಾರೆ ಎಂದು ಕೆ.ಎಂ. ಡಿಸಿಲ್ವ ಮೊದಲಾದವರು ಗುರುತಿಸಿದ್ದಾರೆ. ಅನ್ಯರಿಗೆ ಕೊಟ್ಟ ಪ್ರತಿಯೊಂದು ರಿಯಾಯಿತಿಯೂ ತನ್ನ ಅಸ್ತಿತ್ವದ ನಷ್ಟವೆಂದು ಏಕೆ ಕಾಣಿಸಿತು ಎಂಬುದಕ್ಕೆ ಇಲ್ಲಿ ಉತ್ತರವಿದೆ.

ಮೀರಿಸುವ ಪೈಪೋಟಿ

ಎರಡನೆಯ ಪಂಥ ಹೊಣೆಯನ್ನು ರಾಜಕೀಯ ಸಂಸ್ಥೆಗಳ ಮೇಲೆ ಹೊರಿಸುತ್ತದೆ. ನೀಲ್ ಡಿವೊಟ್ಟ ಇದರ ಸ್ಪಷ್ಟ ಪ್ರತಿಪಾದಕರು. ಎರಡು ದೊಡ್ಡ ಸಿಂಹಳ ಪಕ್ಷಗಳು ಒಂದೇ ಮತಬ್ಯಾಂಕಿಗಾಗಿ ಸೆಣಸುತ್ತಿದ್ದವು. ಅಧಿಕಾರದಲ್ಲಿದ್ದವರು ತಮಿಳರೊಂದಿಗೆ ರಾಜಿಗೆ ಮುಂದಾದರೆ ವಿರೋಧದಲ್ಲಿದ್ದವರು ದ್ರೋಹವೆಂದು ಕೂಗುತ್ತಿದ್ದರು. ಕೇಂದ್ರದಲ್ಲೇ ಎಲ್ಲ ಅಧಿಕಾರವನ್ನು ಬಿಗಿಹಿಡಿದ ಏಕೀಕೃತ ರಾಜ್ಯದಲ್ಲಿ ಈ ಆಟ ತಡೆಯುವ ಕಟ್ಟೆಯೇ ಇರಲಿಲ್ಲ. ಅನ್ಯಾಯವಾದವರಿಗೆ ನ್ಯಾಯಾಲಯವಾಗಲಿ ಸಂಸತ್ತಾಗಲಿ ಆಸರೆಯಾಗದಿದ್ದಾಗ, ಸಂಸದೀಯ ಮಾರ್ಗವೇ ನಂಬಿಕೆ ಕಳೆದುಕೊಂಡಿತು. ಸ್ಟಾನ್ಲಿ ತಂಬಯ್ಯ 1986ರ ತಮ್ಮ ಕೃತಿಯಲ್ಲಿ ಪ್ರಜಾಪ್ರಭುತ್ವದ ಕುಸಿತವನ್ನೂ ಜನಾಂಗೀಯ ಹಿಂಸೆಯನ್ನೂ ಒಂದೇ ಕಥೆಯಾಗಿ ಹೇಳಿದರು.

ಈ ವಿವರಣೆ 1956ರಿಂದ 1983ರವರೆಗಿನ ಕಾಲವನ್ನು ಬಹಳ ಚೆನ್ನಾಗಿ ಬಿಡಿಸಿಡುತ್ತದೆ. ಧ್ರುವೀಕರಣವೆಂದರೆ ಎರಡು ಜನಾಂಗಗಳ ದ್ವೇಷವಷ್ಟೇ ಎಂಬ ತಿಳಿವಳಿಕೆಯನ್ನು ಅದು ಅಲುಗಿಸುತ್ತದೆ. ಬಿರುಕು ಅಗಲವಾದದ್ದು ಒಂದು ಜನಾಂಗದೊಳಗಿನ ಪಕ್ಷಗಳ ಸ್ಪರ್ಧೆಯಿಂದ. ಆದರೆ ಮತಕ್ಕಾಗಿ ನಾಯಕರು ಭಾಷೆಯನ್ನೇ ಏಕೆ ಆರಿಸಿಕೊಂಡರು, ಜನ ಅದಕ್ಕೆ ಏಕೆ ಓಗೊಟ್ಟರು ಎಂಬುದಕ್ಕೆ ಈ ವಾದದಲ್ಲಿ ಪೂರ್ಣ ಉತ್ತರವಿಲ್ಲ.

ಕೆಲಸ, ಸೀಟು, ನೆಲ

ಆ ಉತ್ತರವನ್ನು ಆರ್ಥಿಕ ವಿವರಣೆ ಕೊಡುತ್ತದೆ. ಬ್ರಿಟಿಷರ ಕಾಲದಲ್ಲಿ ಮಿಷನರಿ ಶಾಲೆಗಳು ಜಾಫ್ನಾದಲ್ಲಿ ಹೆಚ್ಚಿದ್ದವು. ಒಣ ನೆಲದ ಆ ಜನರಿಗೆ ಸರ್ಕಾರಿ ಹುದ್ದೆ ಬದುಕಿನ ದಾರಿಯಾಗಿತ್ತು. ಸಿಂಹಳ ಮಾಧ್ಯಮದಲ್ಲಿ ಓದಿದ ಗ್ರಾಮೀಣ ಯುವಕನಿಗೆ ಇಂಗ್ಲಿಷ್ ಬಲ್ಲ ತಮಿಳು ಗುಮಾಸ್ತ ಅನ್ಯಾಯದ ಗುರುತಾಗಿ ಕಂಡ. ಭಾಷಾ ಕಾಯಿದೆ ಅವನಿಗೆ ಬಾಗಿಲು ತೆರೆಯಿತು, ಇವನಿಗೆ ಮುಚ್ಚಿತು. ಪೂರ್ವ ಪ್ರಾಂತದ ನೀರಾವರಿ ಯೋಜನೆಗಳಲ್ಲಿ ಸಿಂಹಳ ರೈತರನ್ನು ನೆಲೆಗೊಳಿಸಿದ್ದು ನೆಲದ ಪ್ರಶ್ನೆಯನ್ನೂ ಜನಾಂಗದ ಪ್ರಶ್ನೆಯಾಗಿಸಿತು. 1977ರ ಮುಕ್ತ ಆರ್ಥಿಕ ನೀತಿ ಸಿಂಹಳ ಸಣ್ಣ ಉದ್ಯಮಿಗಳ ನೆಲೆ ಕದಲಿಸಿ ಕೊಲಂಬೊದ ತಮಿಳು ವ್ಯಾಪಾರಿಗಳ ಮೇಲಿನ ಅಸೂಯೆಯನ್ನು ಹೇಗೆ ಕೆರಳಿಸಿತು ಎಂದು ನ್ಯೂಟನ್ ಗುಣಸಿಂಘ ವಿಶ್ಲೇಷಿಸಿದರು.

ಇದೇ ಹತಾಶೆ ದಕ್ಷಿಣದಲ್ಲೂ ಸಿಡಿಯಿತು ಎಂಬುದು ಈ ಪಂಥದ ಗಟ್ಟಿ ಸಾಕ್ಷಿ. ಓದಿದ, ಕೆಲಸವಿಲ್ಲದ ಸಿಂಹಳ ಯುವಕರ ಜೆವಿಪಿ 1971ರಲ್ಲಿ ಮತ್ತು 1987–89ರಲ್ಲಿ ಎರಡು ಬಾರಿ ಸಶಸ್ತ್ರ ದಂಗೆ ಎದ್ದಿತು. ಎರಡನೆಯದನ್ನು ಸರ್ಕಾರ ಹತ್ತಿಕ್ಕಿದಾಗ ಹತ್ತಾರು ಸಾವಿರ ಮಂದಿ ಸತ್ತರು ಅಥವಾ ಕಣ್ಮರೆಯಾದರು. ಒಂದೇ ರಾಜ್ಯದ ವಿರುದ್ಧ ಎರಡು ದಿಕ್ಕಿನ ಯುವಕರು ಬಂದೂಕು ಹಿಡಿದರು, ಒಬ್ಬರಿಗೊಬ್ಬರು ಶತ್ರುಗಳಾಗಿಯೇ ಉಳಿದರು. ಬಡತನಕ್ಕಿಂತ ಗುಂಪು ಗುಂಪುಗಳ ನಡುವಿನ ಅಸಮಾನತೆ ಹೆಚ್ಚು ಅಪಾಯಕಾರಿ ಎಂಬ ಫ್ರಾನ್ಸಿಸ್ ಸ್ಟೂವರ್ಟ್ ಅವರ ಸಿದ್ಧಾಂತಕ್ಕೆ ಶ್ರೀಲಂಕಾ ಹತ್ತಿರದ ಉದಾಹರಣೆ. ಆಕ್ರೋಶಕ್ಕಿಂತ ಹಣದ ಲಭ್ಯತೆಯೇ ದಂಗೆಯನ್ನು ಸಾಧ್ಯವಾಗಿಸುತ್ತದೆ ಎಂದ ಪಾಲ್ ಕೊಲಿಯರ್ ಅವರ ವಾದಕ್ಕೆ ವಿದೇಶದ ತಮಿಳರಿಂದ ಎಲ್‌ಟಿಟಿಇಗೆ ಹರಿದ ನಿಧಿ ಸ್ವಲ್ಪ ಬಲ ಕೊಡುತ್ತದೆ. ಆದರೆ ಆ ತಮಿಳರಲ್ಲಿ ಬಹುಪಾಲು ಜನ ದೇಶ ಬಿಟ್ಟದ್ದೇ 1983ರ ನಂತರ. ಹಣ ಹರಿಯುವ ಮುಂಚೆಯೇ ಗಾಯವಾಗಿತ್ತು.

ಬಂದೂಕಿನ ತರ್ಕ

ನಾಲ್ಕನೆಯ ಪಂಥ ಸಶಸ್ತ್ರ ಸಂಘಟನೆಯನ್ನೇ ಮುಖ್ಯ ಪಾತ್ರವಾಗಿ ನೋಡುತ್ತದೆ. ಇದರಲ್ಲಿ ಎರಡು ಬಗೆಯ ಧ್ವನಿಗಳಿವೆ, ಎರಡನ್ನೂ ಒಂದೇ ತಕ್ಕಡಿಯಲ್ಲಿ ಇಡಬಾರದು. ಗುಣದಾಸ ಅಮರಶೇಖರ, ನಳಿನ್ ಡಿಸಿಲ್ವ ಅವರಂಥ ಸಿಂಹಳ ರಾಷ್ಟ್ರವಾದಿ ಚಿಂತಕರು ಜನಾಂಗೀಯ ಸಮಸ್ಯೆಯೇ ಇಲ್ಲ, ಇರುವುದು ಭಯೋತ್ಪಾದನೆ ಮಾತ್ರ ಎಂದರು. 1956, 1958, 1983ರ ಹಿಂಸೆಗೆ ಈ ವಾದದಲ್ಲಿ ಜಾಗವಿಲ್ಲ.

ಇನ್ನೊಂದು ಧ್ವನಿ ತಮಿಳರೊಳಗಿನಿಂದ ಬಂತು. ಜಾಫ್ನಾ ವಿಶ್ವವಿದ್ಯಾಲಯದ ಅಂಗರಚನಾಶಾಸ್ತ್ರದ ಅಧ್ಯಾಪಕಿ ರಜನಿ ತಿರಣಗಮ, ರಾಜನ್ ಹೂಲ್ ಮತ್ತು ಸಂಗಾತಿಗಳು ಸರ್ಕಾರಿ ಪಡೆ, ಭಾರತೀಯ ಪಡೆ, ಎಲ್‌ಟಿಟಿಇ ಮೂವರ ಅಪರಾಧಗಳನ್ನೂ ದಾಖಲಿಸಿದರು. 1989ರ ಸೆಪ್ಟೆಂಬರ್‌ನಲ್ಲಿ ರಜನಿಯವರನ್ನು ಗುಂಡಿಕ್ಕಿ ಕೊಲ್ಲಲಾಯಿತು. ಎಲ್‌ಟಿಟಿಇ 1986ರಲ್ಲಿ ತಮಿಳರದೇ ಇನ್ನೊಂದು ಸಶಸ್ತ್ರ ಸಂಘಟನೆ ಟೆಲೊವನ್ನು ನಾಶ ಮಾಡಿತು. 1989ರಲ್ಲಿ ಟಿಯುಎಲ್‌ಎಫ್ ನಾಯಕ ಅಮೃತಲಿಂಗಂ, 1999ರಲ್ಲಿ ಅಧಿಕಾರ ವಿಕೇಂದ್ರೀಕರಣದ ಕರಡು ಸಿದ್ಧಪಡಿಸಿದ ನ್ಯಾಯವಿದ ನೀಲನ್ ತಿರುಚೆಲ್ವಂ ಅದಕ್ಕೆ ಬಲಿಯಾದರು. 1990ರ ಅಕ್ಟೋಬರ್‌ನಲ್ಲಿ ಉತ್ತರದ ಎಪ್ಪತ್ತು ಸಾವಿರದಷ್ಟು ಮುಸ್ಲಿಮರನ್ನು ಮನೆಮಠ ಬಿಡಿಸಿ ಓಡಿಸಲಾಯಿತು. ತಮಿಳರ ಬಿಡುಗಡೆಯ ಹೆಸರಿನ ಹೋರಾಟ ತಮಿಳರ ಭಿನ್ನಮತವನ್ನೇ ಮೊದಲು ಕೊಂದಿತು. ಮಾತುಕತೆಗೆ ಬೇಕಾದ ಜನರೇ ಉಳಿಯದಂತಾಯಿತು.

ಹೊರಗಿನವರ ಕೈ

ಐದನೆಯ ವಿವರಣೆಯ ಗಮನ ದ್ವೀಪದ ಆಚೆಗೆ ಹೋಗುತ್ತದೆ. 1983ರ ನಂತರ ಭಾರತ ತಮಿಳು ಗುಂಪುಗಳಿಗೆ ತರಬೇತಿ, ಶಸ್ತ್ರ ಕೊಟ್ಟಿತು. 1985ರಲ್ಲಿ ಥಿಂಫುವಿನಲ್ಲಿ ಮಾತುಕತೆ ಏರ್ಪಡಿಸಿತು. 1987ರ ಜುಲೈ 29ರಂದು ರಾಜೀವ್ ಗಾಂಧಿ ಮತ್ತು ಆಗ ಅಧ್ಯಕ್ಷರಾಗಿದ್ದ ಜಯವರ್ಧನೆ ಸಹಿ ಹಾಕಿದ ಒಪ್ಪಂದ ಪ್ರಾಂತೀಯ ಮಂಡಳಿಗಳನ್ನೂ ಸಂವಿಧಾನದ 13ನೇ ತಿದ್ದುಪಡಿಯನ್ನೂ ತಂದಿತು. ಶಾಂತಿ ಕಾಯಲು ಹೋದ ಭಾರತೀಯ ಪಡೆ ತಿಂಗಳುಗಳೊಳಗೆ ಎಲ್‌ಟಿಟಿಇ ಜೊತೆ ಯುದ್ಧಕ್ಕಿಳಿಯಿತು. ಸುಮಾರು 1,200 ಯೋಧರನ್ನು ಕಳೆದುಕೊಂಡು 1990ರ ಮಾರ್ಚ್‌ನಲ್ಲಿ ಮರಳಿತು. ಭಾರತದ ಪಾತ್ರವಿಲ್ಲದೆ ಯುದ್ಧ ಇಷ್ಟು ಬೇಗ ಬೆಳೆಯುತ್ತಿರಲಿಲ್ಲ ಎಂಬುದು ನಿಜ. ಅಧಿಕಾರ ಹಂಚಿಕೆಯ ಏಕೈಕ ಸಾಂವಿಧಾನಿಕ ಏರ್ಪಾಡು ಉಳಿದಿರುವುದೂ ಅದೇ ಒಪ್ಪಂದದಿಂದ ಎಂಬುದೂ ಅಷ್ಟೇ ನಿಜ.

ಶಾಂತಿ ಏಕೆ ಕೈಜಾರಿತು?

ಯುದ್ಧಕ್ಕೆ ಕಾರಣ ಹುಡುಕುವಷ್ಟೇ ಕಷ್ಟ ಶಾಂತಿಯ ಸೋಲಿಗೆ ಕಾರಣ ಹುಡುಕುವುದು. 2002ರ ಫೆಬ್ರುವರಿಯಲ್ಲಿ ನಾರ್ವೆಯ ಮಧ್ಯಸ್ಥಿಕೆಯಲ್ಲಿ ಯುಎನ್‌ಪಿಯ ಪ್ರಧಾನಿ ರನಿಲ್ ವಿಕ್ರಮಸಿಂಘೆ ಮತ್ತು ಪ್ರಭಾಕರನ್ ಕದನವಿರಾಮಕ್ಕೆ ಸಹಿ ಹಾಕಿದರು. ಜಾಫ್ನಾಕ್ಕೆ ಹೋಗುವ ಎ9 ರಸ್ತೆ ತೆರೆಯಿತು. ಡಿಸೆಂಬರ್‌ನಲ್ಲಿ ಓಸ್ಲೊದಲ್ಲಿ ಒಕ್ಕೂಟ ಮಾದರಿಯನ್ನು ಪರಿಶೀಲಿಸಲು ಎರಡೂ ಕಡೆಯವರು ಒಪ್ಪಿದರು. 2003ರ ಏಪ್ರಿಲ್‌ನಲ್ಲಿ ಎಲ್‌ಟಿಟಿಇ ಮಾತುಕತೆಯಿಂದ ಹೊರನಡೆಯಿತು.

ಇದರ ಬಗ್ಗೆ ಮೂರು ಮುಖ್ಯ ಓದುಗಳಿವೆ. ಎಲ್‌ಟಿಟಿಇಗೆ ಈಳಂ ಬಿಟ್ಟು ಬೇರೇನೂ ಬೇಕಿರಲಿಲ್ಲ, ಕದನವಿರಾಮ ಅದಕ್ಕೆ ಉಸಿರಾಟದ ಬಿಡುವು ಮಾತ್ರ ಎಂಬುದು ಮೊದಲನೆಯದು. 2005ರ ಆಗಸ್ಟ್‌ನಲ್ಲಿ ವಿದೇಶಾಂಗ ಸಚಿವ, ಸ್ವತಃ ತಮಿಳರಾದ ಲಕ್ಷ್ಮಣ್ ಕದಿರ್ಗಾಮರ್ ಹತ್ಯೆಯನ್ನು ಇವರು ತೋರಿಸುತ್ತಾರೆ. ಅದೇ ವರ್ಷದ ನವೆಂಬರ್‌ನ ಅಧ್ಯಕ್ಷೀಯ ಚುನಾವಣೆಯಲ್ಲಿ ಎಲ್‌ಟಿಟಿಇ ತಮಿಳರು ಮತ ಹಾಕದಂತೆ ತಡೆದದ್ದು ಕಠಿಣ ನಿಲುವಿನ ಮಹಿಂದ ರಾಜಪಕ್ಸ ಗೆಲುವಿಗೆ ನೆರವಾಯಿತು.

ಎರಡನೆಯ ಓದಿನ ಪ್ರಕಾರ ರಾಜ್ಯಕ್ಕೆ ಕೊಟ್ಟ ಮಾತು ಉಳಿಸಿಕೊಳ್ಳುವ ಶಕ್ತಿಯೇ ಇರಲಿಲ್ಲ. 2000ದಲ್ಲಿ ಅಧ್ಯಕ್ಷೆ ಚಂದ್ರಿಕಾ ಕುಮಾರತುಂಗ ತಂದ ಹೊಸ ಸಂವಿಧಾನದ ಕರಡನ್ನು ಯುಎನ್‌ಪಿ ಸದಸ್ಯರು ಸಂಸತ್ತಿನಲ್ಲೇ ಸುಟ್ಟಿದ್ದರು. 2003ರ ನವೆಂಬರ್‌ನಲ್ಲಿ ಅದೇ ಚಂದ್ರಿಕಾ ಯುಎನ್‌ಪಿ ಸರ್ಕಾರದ ಮೂರು ಖಾತೆಗಳನ್ನು ಕಿತ್ತುಕೊಂಡರು. ಸುನಾಮಿ ನೆರವನ್ನು ಎಲ್‌ಟಿಟಿಇ ಜೊತೆ ಹಂಚಿಕೊಳ್ಳುವ 2005ರ ಏರ್ಪಾಡನ್ನು ವಿರೋಧಿಸಿ ಜೆವಿಪಿ ಸರ್ಕಾರ ಬಿಟ್ಟಿತು. ಅಂತರ್ಯುದ್ಧದ ಎರಡೂ ಕಡೆಯವರಿಗೆ ಮಾತಿನ ಭರವಸೆ ಸಾಲದು, ಅದನ್ನು ಕಾಯುವ ಮೂರನೆಯವರು ಬೇಕು ಎಂದು ಬಾರ್ಬರಾ ವಾಲ್ಟರ್ ಹೇಳುತ್ತಾರೆ. ಇಲ್ಲಿ ನಾರ್ವೆಗೆ ಸಂಧಾನ ನಡೆಸುವ ಒಪ್ಪಿಗೆಯಿತ್ತು, ಒಪ್ಪಂದ ಕಾಯುವ ಬಲವಿರಲಿಲ್ಲ.

ಮೂರನೆಯ ಓದು ಶಾಂತಿಯ ವಿನ್ಯಾಸವನ್ನೇ ದೂರುತ್ತದೆ. ಜಯದೇವ ಉಯನ್‌ಗೊಡ ಮೊದಲಾದವರು ವಿಶ್ಲೇಷಿಸಿದಂತೆ ಅದು ಎರಡು ಶಸ್ತ್ರಧಾರಿ ಶಕ್ತಿಗಳ ನಡುವಿನ ವ್ಯವಹಾರವಾಗಿತ್ತು. ಮುಸ್ಲಿಮರಿಗೆ ಸ್ವತಂತ್ರ ಸ್ಥಾನವಿರಲಿಲ್ಲ. ಭಿನ್ನಮತದ ತಮಿಳರ ಹತ್ಯೆಗಳನ್ನು ಶಾಂತಿ ಕೆಡಬಾರದೆಂದು ಸಹಿಸಿಕೊಳ್ಳಲಾಯಿತು. 2003ರ ಜೂನ್‌ನಲ್ಲಿ ಟೋಕಿಯೊದಲ್ಲಿ ದಾನಿಗಳು 450 ಕೋಟಿ ಡಾಲರ್ ನೆರವು ಘೋಷಿಸಿದರು. ಆದರೆ ಸಿಂಹಳ ಹಳ್ಳಿಯ ರೈತನಿಗೆ ಶಾಂತಿಯ ಜೊತೆ ಬಂದದ್ದು ಸಹಾಯಧನದ ಕಡಿತ. ಶಾಂತಿಗೆ ತಳಮಟ್ಟದಲ್ಲಿ ಬೆಂಬಲಿಗರು ಹುಟ್ಟಲೇ ಇಲ್ಲ.

ಹೋಲಿಕೆಗೆ ಅಚೆ ಇದೆ. ಅದೇ ಸುನಾಮಿಗೆ ತುತ್ತಾದ ಇಂಡೊನೇಷ್ಯಾದ ಈ ಪ್ರಾಂತದಲ್ಲಿ 2005ರ ಆಗಸ್ಟ್‌ನಲ್ಲಿ ಹೆಲ್ಸಿಂಕಿ ಒಪ್ಪಂದವಾಗಿ ಯುದ್ಧ ನಿಂತಿತು. ಅಲ್ಲಿ ಬಂಡುಕೋರರು ಸ್ವಾತಂತ್ರ್ಯದ ಬೇಡಿಕೆ ಬಿಟ್ಟರು, ಜಕಾರ್ತಾ ಸ್ವಾಯತ್ತತೆ ಕೊಟ್ಟಿತು. ಶ್ರೀಲಂಕಾದಲ್ಲಿ ಎರಡೂ ಆಗಲಿಲ್ಲ.

ಗೆದ್ದವರ ಶಾಂತಿ

ಒಂದು ಕಡೆ ಪೂರ್ತಿ ಗೆದ್ದಾಗಲೇ ಶಾಂತಿ ಬಾಳುತ್ತದೆ ಎಂದು ಎಡ್ವರ್ಡ್ ಲಟ್‌ವಾಕ್ 1999ರಲ್ಲಿ ವಾದಿಸಿದ್ದರು. 2009ರ ನಂತರ ಕೆಲವರು ಶ್ರೀಲಂಕಾವನ್ನು ಅದರ ರುಜುವಾತಾಗಿ ತೋರಿಸಿದರು. ಹದಿನೈದಕ್ಕೂ ಹೆಚ್ಚು ವರ್ಷಗಳಿಂದ ಅಲ್ಲಿ ಯುದ್ಧ ಮರುಕಳಿಸಿಲ್ಲ, ಬಸ್ಸಿನಲ್ಲಿ ಬಾಂಬಿನ ಭಯವಿಲ್ಲ. ಇದು ಸಣ್ಣ ಸಾಧನೆಯಲ್ಲ.

ಅದಕ್ಕೆ ತೆತ್ತ ಬೆಲೆಯನ್ನೂ ಹೇಳಲೇಬೇಕು. ಕೊನೆಯ ತಿಂಗಳುಗಳಲ್ಲಿ ಎಲ್‌ಟಿಟಿಇ ಜನರನ್ನು ಗುರಾಣಿಯಾಗಿ ಹಿಡಿದಿಟ್ಟಿತು, ಸರ್ಕಾರ ತಾನೇ ಘೋಷಿಸಿದ ಸುರಕ್ಷಿತ ವಲಯಗಳ ಮೇಲೆ ಶೆಲ್ ಸುರಿಸಿತು. ಸತ್ತ ನಾಗರಿಕರು 40,000ದಷ್ಟು ಇರಬಹುದೆಂದು ವಿಶ್ವಸಂಸ್ಥೆಯ ತಜ್ಞರ ಸಮಿತಿ 2011ರಲ್ಲಿ ಹೇಳಿತು. ಸರ್ಕಾರ ಒಪ್ಪಲಿಲ್ಲ. ಯೋಹಾನ್ ಗಾಲ್ಟುಂಗ್ ಹಿಂಸೆ ನಿಂತ ಸ್ಥಿತಿಯನ್ನೂ ನ್ಯಾಯ ನೆಲೆಸಿದ ಸ್ಥಿತಿಯನ್ನೂ ಬೇರೆ ಬೇರೆಯಾಗಿ ನೋಡಲು ಕಲಿಸಿದರು. ಶ್ರೀಲಂಕಾ ಮೊದಲನೆಯದರಲ್ಲೇ ನಿಂತಿದೆ. ಧ್ರುವೀಕರಣದ ಯಂತ್ರವೂ ನಿಲ್ಲಲಿಲ್ಲ. 2014ರಲ್ಲಿ ಅಲುತ್‌ಗಮದಲ್ಲಿ, 2018ರಲ್ಲಿ ದಿಗಣದಲ್ಲಿ ನಡೆದ ದಾಳಿಗಳಿಗೆ ಗುರಿಯಾದವರು ಮುಸ್ಲಿಮರು. 2019ರ ಈಸ್ಟರ್ ಬಾಂಬ್ ದಾಳಿಯ ಬಳಿಕ ಆ ಸಮುದಾಯದ ಮೇಲಿನ ಸಂಶಯ ಇನ್ನಷ್ಟು ಹೆಚ್ಚಿತು.

ಇತ್ಯರ್ಥವಾಗದೆ ಉಳಿದವು

ಮೊದಲನೆಯದು ಹೊಣೆಗಾರಿಕೆ. ಕಣ್ಮರೆಯಾದವರ ತಾಯಂದಿರು 2017ರಿಂದ ಕಿಳಿನೊಚ್ಚಿ, ವವುನಿಯಾದ ರಸ್ತೆಬದಿಯಲ್ಲಿ ಧರಣಿ ಕೂತರು. ಕಣ್ಮರೆಯಾದವರ ಪತ್ತೆಗಾಗಿ ಸರ್ಕಾರಿ ಕಚೇರಿ ಬಂದರೂ ಅವರಿಗೆ ಉತ್ತರ ಬರಲಿಲ್ಲ. ಸತ್ಯ ಹೇಳದೆ ಸಾಮರಸ್ಯ ಸಾಧ್ಯವೇ, ಅಥವಾ ವಿಚಾರಣೆಯ ಒತ್ತಾಯ ಸಿಂಹಳ ರಾಷ್ಟ್ರವಾದವನ್ನು ಮತ್ತೆ ಕೆರಳಿಸುತ್ತದೆಯೇ ಎಂಬ ವಾದ ಮುಂದುವರಿದಿದೆ. ಸತ್ತವರ ಸಂಖ್ಯೆಯೇ ವಿವಾದವಾಗಿರುವ ತನಕ ಅದು ಮುಗಿಯುವಂತಿಲ್ಲ.

ಎರಡನೆಯದು ಅಧಿಕಾರ ಹಂಚಿಕೆ. 13ನೇ ತಿದ್ದುಪಡಿ ಪುಸ್ತಕದಲ್ಲಿದೆ, ಭೂಮಿ ಮತ್ತು ಪೊಲೀಸ್ ಅಧಿಕಾರ ಪ್ರಾಂತಗಳಿಗೆ ದಕ್ಕಿಲ್ಲ. ಉತ್ತರದ ಮಂಡಳಿಗೆ ಮೊದಲ ಚುನಾವಣೆ ನಡೆದದ್ದು 2013ರಲ್ಲಿ. 2018ರಲ್ಲಿ ಅದರ ಅವಧಿ ಮುಗಿದ ಮೇಲೆ ಚುನಾವಣೆ ಮುಂದಕ್ಕೆ ಹೋಗುತ್ತಲೇ ಬಂತು. ಉತ್ತರ–ಪೂರ್ವ ಒಂದಾಗಬೇಕೇ, ಒಂದಾದರೆ ಪೂರ್ವದ ಮುಸ್ಲಿಮರ ಸ್ಥಾನವೇನು ಎಂಬ ಪ್ರಶ್ನೆಗೆ ತಮಿಳು ಪಕ್ಷಗಳ ಬಳಿಯೂ ಎಲ್ಲರೂ ಒಪ್ಪುವ ಉತ್ತರವಿಲ್ಲ.

ಮೂರನೆಯದು ಸಿದ್ಧಾಂತದ ಪ್ರಶ್ನೆ. ಆರ್ಥಿಕ ಸಂಕಟ ಜನಾಂಗದ ಗೆರೆಯನ್ನು ಅಳಿಸಬಲ್ಲುದೇ? ಆರ್ಥಿಕ ಕುಸಿತದ ವಿರುದ್ಧ ಎದ್ದ 2022ರ ಅರಗಲಯ ಚಳವಳಿಯಿಂದಾಗಿ ಅಧ್ಯಕ್ಷ ಗೋಟಾಬಯ ರಾಜಪಕ್ಸ ದೇಶ ಬಿಟ್ಟು ಓಡಿದರು. ಅದೇ ವರ್ಷದ ಮೇ 18ರಂದು, ಚಳವಳಿಯ ನಡುವೆ, ಕೊಲಂಬೊದ ಗಾಲ್ ಫೇಸ್‌ನಲ್ಲಿ ಮುಳ್ಳಿವಾಯ್ಕಾಲ್‌ನ ಮೃತರ ಸ್ಮರಣೆ ನಡೆಯಿತು. 2024ರಲ್ಲಿ ಅನುರ ಕುಮಾರ ದಿಸಾನಾಯಕೆ ಅಧ್ಯಕ್ಷರಾದರು. ಅವರ ಕೂಟ ಎನ್‌ಪಿಪಿ ಸಂಸತ್ತಿನ 225ರಲ್ಲಿ 159 ಸ್ಥಾನ ಗೆದ್ದಿತು, ಜಾಫ್ನಾ ಜಿಲ್ಲೆಯಲ್ಲೂ ಮುಂದೆ ಬಂತು. ಇದು ಜನಾಂಗ ಮೀರಿದ ರಾಜಕಾರಣದ ಆರಂಭವೋ, ಹಳೆಯ ಪಕ್ಷಗಳ ಮೇಲಿನ ಬೇಸರವೋ ಎಂದು ವಿಶ್ಲೇಷಕರು ಇನ್ನೂ ಒಮ್ಮತಕ್ಕೆ ಬಂದಿಲ್ಲ.

ಆದರೆ ಒಂದು ವಿಷಯ ಸ್ಪಷ್ಟ. ಈ ಕೂಟದ ಬೆನ್ನೆಲುಬು ಜೆವಿಪಿ. 1987ರ ಒಪ್ಪಂದದ ವಿರುದ್ಧ ಬಂದೂಕು ಎತ್ತಿದ, ಸುನಾಮಿ ನೆರವಿನ ಹಂಚಿಕೆಯನ್ನು ಧಿಕ್ಕರಿಸಿದ, ಉತ್ತರ–ಪೂರ್ವ ಪ್ರಾಂತಗಳ ವಿಲೀನವನ್ನು ನ್ಯಾಯಾಲಯದಲ್ಲಿ ಪ್ರಶ್ನಿಸಿ 2006ರಲ್ಲಿ ಬಿಡಿಸಿದ ಪಕ್ಷ ಅದು. ಹಿಂದಿನ ಹಲವು ನಾಯಕರು ತಮ್ಮ ಪಾಳಯದ ವಿರೋಧಕ್ಕೆ ಹೆದರಿ ಒಪ್ಪಂದ ಕೈಬಿಟ್ಟರು. ಈಗಿನ ಸರ್ಕಾರದ ಕೈಯಲ್ಲಿ ಮೂರನೇ ಎರಡರ ಬಹುಮತವಿದೆ, ಬದಿಯಿಂದ ಅದನ್ನು ಮೀರಿಸುವ ದೊಡ್ಡ ಪಕ್ಷವಿಲ್ಲ. ಬಂಡಾರನಾಯಕೆಗೆ, ಡಡ್ಲಿಗೆ, ಚಂದ್ರಿಕಾಗೆ ಇದ್ದ ನೆಪ ಇದಕ್ಕಿಲ್ಲ. ಬಲವಂತವಿಲ್ಲದಿದ್ದಾಗಲೂ ಬಹುಸಂಖ್ಯಾತರ ಸರ್ಕಾರವೊಂದು ಅಧಿಕಾರ ಹಂಚಿಕೊಳ್ಳುತ್ತದೆಯೇ ಎಂಬ ಪ್ರಶ್ನೆಗೆ ಶ್ರೀಲಂಕಾ ಈಗ ಉತ್ತರಿಸಬೇಕಿದೆ. ಹಂಚಿಕೊಂಡರೆ, ತಪ್ಪಿದ್ದು ಪೈಪೋಟಿಯ ರಾಜಕಾರಣ ಎಂಬ ವಾದ ಗಟ್ಟಿಯಾಗುತ್ತದೆ. ಹಂಚಿಕೊಳ್ಳದಿದ್ದರೆ, ರೋಗ ಪಕ್ಷಗಳ ಆಟಕ್ಕಿಂತ ಆಳದಲ್ಲಿದೆ, ರಾಜ್ಯವನ್ನು ಕಲ್ಪಿಸಿಕೊಂಡ ಬಗೆಯಲ್ಲೇ ಇದೆ ಎಂದು ಒಪ್ಪಿಕೊಳ್ಳಬೇಕಾಗುತ್ತದೆ.